ದೋಟಿ ಹಿಡಿದ ಮೊಮ್ಮಗನ ಹಿಂದೆ ಒಂದು ವಾರ

"ಬರೀತೀಯಾದ್ರೆ ಬರಿ ಅಜ್ಜಿ. ಆದ್ರೆ ನನ್ನ ಹೆಸರು ಬೇಡ, ಕಾಲೇಜ್ ಹೆಸರೂ ಬೇಡ, ಯಾವ ಟೀಮ್ ಮೇಲೆ ಆಡಿದ್ವಿ ಅಂತಾನೂ ಬೇಡ."

ಮೊಮ್ಮಗ ಫೋನಿನಲ್ಲಿ ಹಾಕಿದ ಷರತ್ತು ಇದು. ಒಪ್ಪಿಕೊಂಡಿದ್ದೇನೆ. ಹಾಗಾಗಿ ಈ ಬರಹದಲ್ಲಿ ನದಿಗೆ, ಘಟ್ಟಕ್ಕೆ, ಹೆದ್ದಾರಿಗೆ ಹೆಸರಿದೆ. ಹುಡುಗರಿಗೆ, ತಂಡಗಳಿಗೆ ಇಲ್ಲ. ಓದುಗರು ಬೇಸರ ಮಾಡಿಕೊಳ್ಳಬಾರದು.

2025ರ ಮಾರ್ಚ್‌ನಲ್ಲಿ ನಾನು ಸಿಯಾಟಲ್ ಹತ್ತಿರ ಇರುವ ಮಗಳ ಮನೆಗೆ ಹೋಗಿದ್ದೆ. ಇದು ಮೂರನೇ ಸಲ. ಹಿಂದಿನ ಎರಡು ಸಲ ದೇವಸ್ಥಾನ, ಮಾಲು, ಹಿಮದ ಬೆಟ್ಟ ಎಲ್ಲ ಮುಗಿದಿತ್ತು. ಈ ಸಲ ನೋಡುವುದಕ್ಕೆ ಏನೂ ಉಳಿದಿಲ್ಲ, ಮನೆಯಲ್ಲಿ ಕೂತು ಮೆಂತ್ಯದ ಹಿಟ್ಟು ಮಾಡಿಕೊಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಅಳಿಯ ಹೇಳಿದರು: "ಅತ್ತೆ, ಅವನಿಗೆ ಸ್ಪ್ರಿಂಗ್ ಬ್ರೇಕು. ಒಂದೇ ವಾರದಲ್ಲಿ ನಾಲ್ಕು ಮ್ಯಾಚ್ ಇದೆ. ಕಾಲೇಜಿನಲ್ಲಿ ಕೊನೇ ವರ್ಷ ಬೇರೆ. ನಾನು ರಜ ಹಾಕಿದೀನಿ. ಬರ್ತೀರಾ?" ಮಗಳಿಗೆ ಆಸ್ಪತ್ರೆಯ ಕೆಲಸ, ಶಿಫ್ಟು ಬಿಡುವ ಹಾಗಿಲ್ಲ. ಅಳಿಯನ ಪಕ್ಕದ ಸೀಟಿನಲ್ಲಿ ಕೂತು ಊರೂರು ತಿರುಗುವುದು ಅತ್ತೆಗೆ ಶೋಭೆಯೇ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಕೋಡುಬಳೆ ಕರಿಯಲು ಶುರು ಮಾಡಿದೆ.

ಆಟದ ಹೆಸರು ಲ್ಯಾಕ್ರಾಸ್. ಹೈಸ್ಕೂಲಿನಿಂದಲೂ ಅವನು ಆಡುತ್ತಿದ್ದಾನೆ ಅಂತ ಗೊತ್ತಿತ್ತು, ನೋಡಿರಲಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಒರಗಿಸಿಟ್ಟ ಕೋಲು ನೋಡಿ ನಾನು ಕೇಳಿದ್ದು, "ಇದೇನೋ, ಇಲ್ಲೂ ಮಾವಿನಕಾಯಿ ಕೊಯ್ತೀರಾ?" ಎಂದು. ನಮ್ಮ ಸಾಗರದ ಕಡೆ ಎತ್ತರದ ಮರದಿಂದ ಕಾಯಿ ಇಳಿಸಲು ತುದಿಗೆ ಬಲೆಚೀಲ ಕಟ್ಟಿದ ದೋಟಿ ಇರುತ್ತದಲ್ಲ, ಥೇಟ್ ಹಾಗೇ. ಆರಡಿ ಉದ್ದದ ಹಗುರ ಲೋಹದ ಕೋಲು, ತುದಿಯಲ್ಲಿ ಪ್ಲಾಸ್ಟಿಕ್ ಚೌಕಟ್ಟು, ಅದರೊಳಗೆ ದಾರದ ಜಾಳಿಗೆ. ಎಲ್ಲರ ಕೋಲೂ ಇಷ್ಟುದ್ದ ಇರುವುದಿಲ್ಲವಂತೆ. ಗೋಲು ಹೊಡೆಯುವವರದು ಮೂರೂವರೆ ಅಡಿ ಮೀರುವುದಿಲ್ಲ. ತಡೆಯುವವರದು ಮಾತ್ರ ಉದ್ದ. ನನ್ನ ಮೊಮ್ಮಗ ತಡೆಯುವವನು. ಹಿಂದೆ ಈ ಕೋಲನ್ನು ಹಿಕರಿ ಎಂಬ ಗಟ್ಟಿ ಮರವನ್ನು ಬಗ್ಗಿಸಿ ಮಾಡುತ್ತಿದ್ದರು, ಜಾಳಿಗೆ ಚರ್ಮದ್ದು. ಈಗ ಅಲ್ಯೂಮಿನಿಯಂ, ಕಾರ್ಬನ್ ಫೈಬರ್. ನಮ್ಮಲ್ಲೂ ಅಡಿಕೆ ಕೊನೆ ಕೊಯ್ಯಲು ಕಾರ್ಬನ್ ಫೈಬರ್ ದೋಟಿ ಬಂದಿದೆ ಎಂದಾಗ ಹುಡುಗನಿಗೆ ಎಲ್ಲಿಲ್ಲದ ಖುಷಿ. "ಎಷ್ಟುದ್ದ ಅಜ್ಜಿ?" ಎಂದ. "ಅರವತ್ತು ಅಡಿಯದ್ದೂ ಇದೆ" ಎಂದೆ. ಬಾಯಿಬಿಟ್ಟು ನೋಡಿದ.

ಇದು ಬಿಳಿಯರು ಕಟ್ಟಿದ ಆಟವಲ್ಲ. ಅಮೆರಿಕದ ಮೂಲನಿವಾಸಿಗಳದ್ದು. ನ್ಯೂಯಾರ್ಕ್ ಮತ್ತು ಕೆನಡಾದ ಕಡೆಯ ಹೌಡೆನೊಶೋನಿ ಜನ, ಇರೊಕ್ವಾ ಎಂದು ಇಂಗ್ಲಿಷ್ ಪುಸ್ತಕಗಳು ಕರೆಯುವವರು, ಇದನ್ನು ಸೃಷ್ಟಿಕರ್ತ ಕೊಟ್ಟ ಆಟ ಎಂದು ನಂಬುತ್ತಾರೆ. ಊರಿನಲ್ಲಿ ಯಾರಿಗಾದರೂ ಕಾಯಿಲೆಯಾದರೆ ಗುಣವಾಗಲಿ ಎಂದು ಆಡಿಸುವ ಪದ್ಧತಿಯೂ ಇದೆ. ಅದಕ್ಕೇ 'ಔಷಧಿಯ ಆಟ' ಎನ್ನುವ ಹೆಸರು. ಕೋಲಿನ ಆಕಾರ ನೋಡಿ 'ಲಾ ಕ್ರಾಸ್' ಎಂದವರು ಫ್ರೆಂಚರು. ನಿಯಮ ಬರೆದದ್ದು ಮಾಂಟ್ರಿಯಲ್‌ನ ಒಬ್ಬ ಹಲ್ಲಿನ ಡಾಕ್ಟರು, ವಿಲಿಯಂ ಜಾರ್ಜ್ ಬೀರ್ಸ್, 1867ರಲ್ಲಿ. ಹೌಡೆನೊಶೋನಿಗಳು ಇವತ್ತಿಗೂ ಪ್ರತ್ಯೇಕ ರಾಷ್ಟ್ರವಾಗಿ ಅಂತರರಾಷ್ಟ್ರೀಯ ಪಂದ್ಯ ಆಡುತ್ತಾರೆ, ತಮ್ಮದೇ ಪಾಸ್‌ಪೋರ್ಟ್ ಹಿಡಿದು. 2010ರಲ್ಲಿ ಇಂಗ್ಲೆಂಡಿನ ವಿಶ್ವಕಪ್‌ಗೆ ಹೊರಟಾಗ ಬ್ರಿಟಿಷ್ ಸರ್ಕಾರ ಆ ಪಾಸ್‌ಪೋರ್ಟ್ ಒಪ್ಪಲಿಲ್ಲ. ಆಟ ಕಂಡುಹಿಡಿದವರೇ ಆಟಕ್ಕೆ ಹೋಗಲಾಗಲಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಲ್ಯಾಕ್ರಾಸ್ ಮರಳಿ ಬರುತ್ತಿದೆ. ಅಲ್ಲಿಯಾದರೂ ತಮ್ಮ ಬಾವುಟದಡಿ ಬಿಡಿ ಎಂದು ಅವರು ಕೇಳುತ್ತಿದ್ದಾರೆ. ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು, ಇದರ ಒಂದಕ್ಷರವೂ ಗೊತ್ತಿರಲಿಲ್ಲ.

ಮೊದಲ ಪಂದ್ಯ ಶನಿವಾರ, ಅವರ ಕಾಲೇಜಿನ ಊರಿನಲ್ಲೇ. ಜಿಟಿಜಿಟಿ ಮಳೆ, ಮೂಳೆ ಕೊರೆಯುವ ಚಳಿ. ಸ್ಟೇಡಿಯಂ ಎಂದುಕೊಂಡು ಹೋದವಳಿಗೆ ಕಂಡದ್ದು ಪ್ಲಾಸ್ಟಿಕ್ ಹುಲ್ಲಿನ ಒಂದು ಮೈದಾನ, ಮೂರು ಮೆಟ್ಟಿಲ ಕಬ್ಬಿಣದ ಗ್ಯಾಲರಿ, ಅದರ ಮೇಲೆ ಮೂವತ್ತು ನಲವತ್ತು ಜನ. ಗೋಲಿನ ಚೌಕಟ್ಟನ್ನು ಆಡುವ ಹುಡುಗರೇ ಹೊತ್ತು ತಂದು ಇಟ್ಟರು. ಸ್ಕೋರು ಬರೆಯುವವಳು ಯಾರೋ ಆಟಗಾರನ ಗೆಳತಿ. ನೀರಿನ ಡ್ರಮ್ಮು ತುಂಬಿ ತಂದವನು ಗೋಲ್‌ಕೀಪರ್.

"ಇಷ್ಟು ದೊಡ್ಡ ಕಾಲೇಜು, ಒಬ್ಬ ಆಳು ಇಲ್ವಾ?" ಎಂದೆ.

ಆಗ ಅಳಿಯ ಬಿಡಿಸಿ ಹೇಳಿದರು. ಅಮೆರಿಕದ ಕಾಲೇಜು ಆಟಗಳಲ್ಲಿ ಎರಡು ಜಾತಿ. ವಾರ್ಸಿಟಿ ಎಂದರೆ ಕಾಲೇಜೇ ನಡೆಸುವ ತಂಡ: ವಿದ್ಯಾರ್ಥಿವೇತನ, ಸಂಬಳದ ಕೋಚು, ಬಸ್ಸು, ಟಿವಿ. ಕ್ಲಬ್ ಎಂದರೆ ವಿದ್ಯಾರ್ಥಿಗಳೇ ನಡೆಸಿಕೊಳ್ಳುವುದು. ಈ ವಾಯವ್ಯ ಮೂಲೆಯ ವಾಷಿಂಗ್ಟನ್, ಆರಿಗಾನ್ ರಾಜ್ಯಗಳ ಯಾವ ಕಾಲೇಜಿನಲ್ಲೂ ಮೇಲಿನ ದರ್ಜೆಯ, ಡಿವಿಷನ್ ಒನ್ ಗಂಡುಮಕ್ಕಳ ಲ್ಯಾಕ್ರಾಸ್ ತಂಡ ಇಲ್ಲ. ಆಡಬೇಕೆಂದರೆ ಕ್ಲಬ್ಬೇ ಗತಿ. ಆ ಕ್ಲಬ್ಬುಗಳೆಲ್ಲ ಸೇರಿ ಪೆಸಿಫಿಕ್ ನಾರ್ತ್‌ವೆಸ್ಟ್ ಕಾಲೇಜಿಯೇಟ್ ಲ್ಯಾಕ್ರಾಸ್ ಲೀಗ್ ಎಂದು ಮಾಡಿಕೊಂಡಿವೆ. ಅದಕ್ಕೆ ಮೇಲೆ ದೇಶಮಟ್ಟದಲ್ಲಿ 2006ರಿಂದ ಎಂಸಿಎಲ್ಎ ಎನ್ನುವ ಸಂಸ್ಥೆ. ನಮ್ಮ ಹುಡುಗ ಇದಕ್ಕಾಗಿ ವರ್ಷಕ್ಕೆ ಎರಡು ಸಾವಿರ ಡಾಲರ್ ಹತ್ತಿರ ತಾನೇ ಕಟ್ಟುತ್ತಾನೆ, ಕಾಫಿ ಅಂಗಡಿಯಲ್ಲಿ ದುಡಿದು. ಆಡಿದ್ದಕ್ಕೆ ಕೊಡುವುದಲ್ಲ, ಆಡುವುದಕ್ಕೆ ಕೊಡುವುದು! ಇದೆಂಥ ಹುಚ್ಚು ಎಂದುಕೊಂಡೆ. ಕೊಡಗಿನಲ್ಲಿ 1997ರಿಂದ ನಡೆಯುವ ಕೊಡವ ಕುಟುಂಬಗಳ ಹಾಕಿ ಹಬ್ಬ ನೆನಪಾಯಿತು. ಅಲ್ಲಿಯೂ ಅಷ್ಟೆ, ಮನೆತನದ ಹೆಸರಿಗೆ ಆಡುತ್ತಾರೆ, ಕೈಯಿಂದ ಹಾಕಿಕೊಂಡು.

ಆಟ ಅರ್ಥವಾಗಲು ಅರ್ಧ ಪಂದ್ಯ ಬೇಕಾಯಿತು. ಒಂದು ಕಡೆಗೆ ಹತ್ತು ಜನ. ಹದಿನೈದು ನಿಮಿಷದ ನಾಲ್ಕು ಭಾಗ. ಗಟ್ಟಿ ರಬ್ಬರಿನ ಚೆಂಡು, ಕ್ರಿಕೆಟ್ ಚೆಂಡಿಗಿಂತ ಸ್ವಲ್ಪವೇ ಹಗುರ. ಅದನ್ನು ಜಾಳಿಗೆಯಲ್ಲಿ ಹಿಡಿದು, ಬೀಳದ ಹಾಗೆ ಕೋಲನ್ನು ತೂಗುತ್ತಾ ಓಡಬೇಕು. ಅದಕ್ಕೆ ತೊಟ್ಟಿಲು ತೂಗಿದ ಹಾಗೆ ಎಂದೇ ಇಂಗ್ಲಿಷಿನಲ್ಲಿ ಹೆಸರು. ಎದುರಾಳಿಗಳು ಆ ಕೋಲಿಗೆ ತಮ್ಮ ಕೋಲಿನಿಂದ ಹೊಡೆಯಬಹುದು, ಭುಜ ಕೊಟ್ಟು ತಳ್ಳಬಹುದು. ಹಿಂದಿನಿಂದ, ಕತ್ತಿನ ಮೇಲೆ ಮಾತ್ರ ಕೂಡದು. ತಪ್ಪು ಮಾಡಿದವನು ಅರ್ಧ ನಿಮಿಷದಿಂದ ಮೂರು ನಿಮಿಷದ ತನಕ ಹೊರಗೆ ಕೂರಬೇಕು. ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವಲ್ಲ, ಹಾಗೆ. ನನಗೆ ಬಹಳ ಹಿಡಿಸಿದ ನಿಯಮ ಇನ್ನೊಂದು: ಗೋಲಿಗೆ ಹೊಡೆದ ಚೆಂಡು ತಪ್ಪಿ ಗೆರೆಯಾಚೆ ಹೋದರೆ, ಅದು ಹೊರಹೋದ ಕ್ಷಣದಲ್ಲಿ ಯಾರು ಹತ್ತಿರ ಇದ್ದರೋ ಅವರ ತಂಡಕ್ಕೆ ಚೆಂಡು. ಹಾಗಾಗಿ ತಪ್ಪಿದ ಚೆಂಡಿನ ಹಿಂದೆಯೂ ಪ್ರಾಣ ಬಿಟ್ಟು ಓಡುತ್ತಾರೆ.

"ನೀನು ಗೋಲು ಯಾವಾಗ ಹೊಡೀತೀಯೋ?" ಎಂದು ವಿರಾಮದಲ್ಲಿ ಕೇಳಿದೆ.

"ನಾನು ಹೊಡೆಯಲ್ಲ ಅಜ್ಜಿ. ಹೊಡೆಯಕ್ಕೆ ಬಿಡಲ್ಲ."

ಅವತ್ತು ಬಿಟ್ಟರು. 6–12ರಲ್ಲಿ ಸೋತರು. ಕೋಡುಬಳೆ ಡಬ್ಬಿ ಮಾತ್ರ ಹತ್ತು ನಿಮಿಷದಲ್ಲಿ ಖಾಲಿ. ಕೆನಡಾ ಕಡೆಯ ಒಬ್ಬ ಹುಡುಗ ಅದಕ್ಕೆ 'ಖಾರದ ಡೋನಟ್' ಎಂದು ಹೆಸರಿಟ್ಟ. ಲೀಗಿನ ಕೊನೆಯ ಟೂರ್ನಿಗೆ ಹೋಗಬೇಕಾದರೆ ಈ ನಾಲ್ಕರಲ್ಲಿ ಎರಡಾದರೂ ಗೆಲ್ಲಬೇಕು, ಈಗ ಉಳಿದದ್ದು ಮೂರು ಎಂದು ಅಳಿಯ ಲೆಕ್ಕ ಹೇಳಿದರು. ರಜ ಶುರುವಾಗಿತ್ತು, ಮೊಮ್ಮಗ ನಮ್ಮ ಜೊತೆಗೇ ಮನೆಗೆ ಬಂದ.

ಬುಧವಾರದ ಪಂದ್ಯ ಘಟ್ಟದಾಚೆ. ಈ ಪ್ರಯಾಣವನ್ನು ಜನ್ಮದಲ್ಲಿ ಮರೆಯುವುದಿಲ್ಲ. ಸಿಯಾಟಲ್ ಕಡೆಯಿಂದ ಇಂಟರ್‌ಸ್ಟೇಟ್ 90 ಹಿಡಿದು ಪೂರ್ವಕ್ಕೆ ಹೊರಟರೆ ಒಂದು ಗಂಟೆಯೊಳಗೆ ಕ್ಯಾಸ್ಕೇಡ್ ಪರ್ವತಗಳ ಸ್ನೋಕ್ವಾಲ್ಮಿ ಘಾಟಿ. ಎತ್ತರ ಸಾವಿರ ಮೀಟರೂ ಇಲ್ಲ, ಆದರೂ ಮಾರ್ಚ್ ಕೊನೆಯಲ್ಲಿ ರಸ್ತೆಯ ಎರಡೂ ಬದಿ ಹಿಮದ ಗೋಡೆ. ಅಲ್ಲಿಯವರೆಗೆ ಆಗುಂಬೆಯ ಹಾಗೆ ಕಪ್ಪು ಹಸಿರು ಕಾಡು, ಪಾಚಿ, ಮಂಜು, ಮಳೆ. ಘಾಟಿ ಇಳಿದು ಮುಕ್ಕಾಲು ಗಂಟೆಯಾಗಿರಬೇಕು, ಮಳೆ ನಿಂತಿತು. ಆಮೇಲೆ ಕಾಡು ನಿಂತಿತು. ಆಮೇಲೆ ಮರವೇ ಇಲ್ಲ! ಬೋಳು ಗುಡ್ಡ, ಕುರುಚಲು, ಬಿಸಿಲು, ಗಾಳಿ. ನಾನು ಸೀಟಿನಲ್ಲಿ ನೆಟ್ಟಗೆ ಕೂತು "ಮಳೆ ನೆರಳಿನ ಪ್ರದೇಶ!" ಎಂದು ಕೂಗಿಬಿಟ್ಟೆ. ಅಳಿಯ ಗಾಬರಿಯಾಗಿ ಬ್ರೇಕ್ ಒತ್ತಿದರು.

ಏನು ಮಾಡಲಿ, ಮೂವತ್ತು ವರ್ಷ ಬೋರ್ಡಿನ ಮೇಲೆ ಬಿಡಿಸಿದ ಚಿತ್ರ. ಪಶ್ಚಿಮಕ್ಕೆ ಸಮುದ್ರ, ಅದಕ್ಕೆ ಸಮಾನಾಂತರವಾಗಿ ಬೆಟ್ಟದ ಸಾಲು, ಸಮುದ್ರದ ಮೋಡ ಬೆಟ್ಟಕ್ಕೆ ಬಡಿದು ಪಶ್ಚಿಮದ ಮಗ್ಗುಲಿಗೇ ಮಳೆ ಸುರಿದು ಖಾಲಿಯಾಗುತ್ತದೆ, ಪೂರ್ವಕ್ಕೆ ಒಣ ಗಾಳಿ. ನಮ್ಮಲ್ಲಿ ಆಗುಂಬೆಯಿಂದ ಚಿತ್ರದುರ್ಗಕ್ಕೆ ಹೋದ ಹಾಗೆ. ವ್ಯತ್ಯಾಸ ಇಷ್ಟೇ, ಇವರ ಮಳೆಗಾಲ ಚಳಿಗಾಲದಲ್ಲಿ. ಕಿಟಿಟಾಸ್ ಕಣಿವೆಯಲ್ಲಿ ಕುದುರೆ ಮೇವಿನ ಹುಲ್ಲು ಬೆಳೆದು ಜಪಾನಿನವರೆಗೂ ಕಳಿಸುತ್ತಾರೆ. ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು, ಅದೂ ಚಿತ್ರದುರ್ಗದ್ದೇ! ಇನ್ನೂ ಮುಂದೆ ವ್ಯಾಂಟೇಜ್ ಎಂಬಲ್ಲಿ ಇಳಿಜಾರು, ಕೆಳಗೆ ಕಡಲಿನಷ್ಟು ಅಗಲದ ಕೊಲಂಬಿಯಾ ನದಿ, ಎರಡೂ ದಡದಲ್ಲಿ ಕಪ್ಪು ಬಸಾಲ್ಟ್ ಬಂಡೆಯ ಗೋಡೆ. ನಮ್ಮ ದಖ್ಖನ್ ಪ್ರಸ್ಥಭೂಮಿಯ ಹಾಗೆ ಲಾವಾ ಹರಿದು ಹರಿದು ಆದ ನೆಲ. ಸೇತುವೆ ದಾಟಿ ಮತ್ತೂ ಪೂರ್ವಕ್ಕೆ ಹೋದೆವು. ಎಲ್ಲಿಗೆ ಎಂದು ಕೇಳಬೇಡಿ.

ಸಂಜೆಯ ಆಟ, ದೀಪದ ಬೆಳಕು, ಪಾಸ್ ಕೊಟ್ಟ ಚೆಂಡನ್ನು ಗಾಳಿ ಎಲ್ಲಿಗೋ ಒಯ್ಯುತ್ತಿತ್ತು. ಮೂರನೆಯ ಭಾಗದಲ್ಲಿ ನೆಲಕ್ಕೆ ಬಿದ್ದ ಚೆಂಡಿಗೆ ನಮ್ಮ ಹುಡುಗನೂ ಎದುರಾಳಿಯೊಬ್ಬನೂ ಎರಡು ಕಡೆಯಿಂದ ಬಗ್ಗಿ ಓಡಿದರು. ಹೆಲ್ಮೆಟ್‌ಗೆ ಹೆಲ್ಮೆಟ್ ಬಡಿದ ಶಬ್ದ ಗ್ಯಾಲರಿವರೆಗೂ ಕೇಳಿತು. ಯಾರ ತಪ್ಪೂ ಅಲ್ಲ. ಇಬ್ಬರೂ ಬಿದ್ದರು, ಇಬ್ಬರೂ ಎದ್ದರು. ಮೊಮ್ಮಗ ಕೋಲು ಎತ್ತಿಕೊಂಡು ಎರಡು ಹೆಜ್ಜೆ ತನ್ನ ಗೋಲಿನ ಕಡೆ ಬಿಟ್ಟು ಇನ್ನೊಂದು ಕಡೆಗೆ ನಡೆದ, ಆಮೇಲೆ ತಿರುಗಿದ. ಅದನ್ನು ನಾನು ನೋಡಿದೆ. ಅಳಿಯ ಆಗ ಫೋನ್ ನೋಡುತ್ತಿದ್ದರು. ಪಂದ್ಯ 10–8ರಲ್ಲಿ ಗೆದ್ದರು. ಕುಣಿದರು, ಕಿರುಚಿದರು. ಅವನೂ ಕುಣಿದ.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಮಲಗಿದವನು, "ಅಜ್ಜಿ, ಕೊನೆಗೆ ಸ್ಕೋರ್ ಎಷ್ಟಾಯ್ತು?" ಎಂದ. ಹೇಳಿದೆ. ಘಾಟಿಯ ಹತ್ತಿರ ಮತ್ತೆ ಕೇಳಿದ, ಅದೇ ಮಾತು, ಅದೇ ಧಾಟಿ.

ಗುರುವಾರ ಮಧ್ಯಾಹ್ನ ಆದರೂ ಕೋಣೆಯ ಪರದೆ ಎಳೆದೇ ಇತ್ತು. ತಿಂಡಿ ತಿನ್ನಲಿಲ್ಲ. ಒಗ್ಗರಣೆಯ ವಾಸನೆಗೆ ಮುಖ ಹಿಂಡಿದ. ಶುಕ್ರವಾರ ಬೆಳಿಗ್ಗೆ ಅಡುಗೆಮನೆ ದೀಪ ಹಾಕಿದರೆ ಕಣ್ಣಿಗೆ ಕೈ ಅಡ್ಡ ಹಿಡಿದ. ಅಮ್ಮ ರಾತ್ರಿಪಾಳಿ ಮುಗಿಸಿ ಮಲಗಿದ್ದಳು. "ತಲೆ ನೋವಾ?" ಎಂದೆ. "ಸ್ವಲ್ಪ. ಅಪ್ಪಂಗೆ, ಅಮ್ಮಂಗೆ ಹೇಳಬೇಡ ಅಜ್ಜಿ, ಪ್ಲೀಸ್. ಕೋಚ್‌ಗೆ ಗೊತ್ತಾದ್ರೆ ಕೂರಿಸ್ತಾರೆ. ಡಿಫೆನ್ಸ್‌ನಲ್ಲಿ ಇರೋದೇ ನಾಲ್ಕು ಜನ." ನನ್ನ ಎರಡೂ ಕೈ ಹಿಡಿದುಕೊಂಡ. ಮೀಸೆ ಬಂದ ಹುಡುಗ, ಮೂರು ವರ್ಷದವನಿದ್ದಾಗ ಚಕ್ಕುಲಿ ಕೇಳುತ್ತಿದ್ದ ಮುಖ. ನಾನು ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಧ್ಯಾಹ್ನ ತಂಡದ ವ್ಯಾನು ಬಂತು, ಹತ್ತಿ ಹೋದ. ಇನ್ನೆರಡು ಪಂದ್ಯ ಆರಿಗಾನ್‌ನಲ್ಲಿ, ಶನಿವಾರ ಒಂದು, ಭಾನುವಾರ ಒಂದು. ಒಂದು ಗೆದ್ದರೆ ಸಾಕು.

ಇಲ್ಲಿ ಒಂದು ಹಳೇ ಸಂಗತಿ ಹೇಳಬೇಕು. ತೊಂಬತ್ತರ ದಶಕ. ಸಾಗರದ ಹತ್ತಿರ ಹಳ್ಳಿಯೊಂದರ ಹೈಸ್ಕೂಲಿನಲ್ಲಿದ್ದೆ. ಕಬಡ್ಡಿ ಆಡುವಾಗ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ತಲೆ ಅಡಿಯಾಗಿ ಬಿದ್ದ. ಎದ್ದು ಕೂತ, ನಕ್ಕ. ಅವತ್ತು ಪಿ.ಟಿ. ಮೇಷ್ಟ್ರು ರಜ, ಮೈದಾನದಲ್ಲಿ ಇದ್ದವಳು ನಾನು. ನೀರು ಕುಡಿಸಿ, ನೆರಳಿನಲ್ಲಿ ಹತ್ತು ನಿಮಿಷ ಕೂರಿಸಿ, ಇನ್ನೊಂದು ಸುತ್ತು ಆಡು ಹೋಗು ಎಂದೆ. ಆಡಿದ, ಮತ್ತೆ ಬಿದ್ದ. ಸಂಜೆ ನಾಲ್ಕೂವರೆ ಬಸ್ಸಿಗೆ ಕಳಿಸಿದೆ. ರಾತ್ರಿಯೆಲ್ಲ ವಾಂತಿ, ಬೆಳಗಿನ ಜಾವ ಜೀಪಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ, ಅಲ್ಲಿಂದ ಮಣಿಪಾಲಕ್ಕೆ. ಬದುಕಿದ. ಆದರೆ ಲೆಕ್ಕದಲ್ಲಿ ತೊಂಬತ್ತು ತೆಗೆಯುತ್ತಿದ್ದವನಿಗೆ ಆಮೇಲೆ ಮಗ್ಗಿ ನಿಲ್ಲುತ್ತಿರಲಿಲ್ಲ. ಹತ್ತನೇ ಕ್ಲಾಸಿಗೆ ಬರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಅವನ ತಾಯಿ ಕೂಡ "ಟೀಚರು ಪಾಪ ನೀರು ಕೊಟ್ಟು ನೋಡಿಕೊಂಡ್ರು" ಎಂದರಂತೆ.

ಶುಕ್ರವಾರ ಸಂಜೆ ನಾನೂ ಅಳಿಯನೂ ಇಂಟರ್‌ಸ್ಟೇಟ್ 5ರಲ್ಲಿ ದಕ್ಷಿಣಕ್ಕೆ ಹೊರಟೆವು. ಟಕೋಮಾ ಹತ್ತಿರ ಮೋಡ ಸರಿದು ಮೌಂಟ್ ರೇನಿಯರ್ ಕಂಡಿತು. 4,392 ಮೀಟರ್, ಮೊಸರನ್ನದ ಗುಡ್ಡೆಯ ಹಾಗೆ. ಅಳಿಯ ಉತ್ಸಾಹದಲ್ಲಿ ಏನೇನೋ ತೋರಿಸುತ್ತಿದ್ದರು, ನನ್ನ ಗಮನ ಇರಲಿಲ್ಲ. ಎರಡೂವರೆ ತಾಸಿನ ಮೇಲೆ ಮತ್ತೆ ಕೊಲಂಬಿಯಾ ಸಿಕ್ಕಿತು. ಬುಧವಾರ ಮರುಭೂಮಿಯಲ್ಲಿ ದಾಟಿದ್ದ ಅದೇ ನದಿ, ಬೆಟ್ಟ ಸೀಳಿಕೊಂಡು ಇಲ್ಲಿಗೆ ಬಂದು ಎರಡು ರಾಜ್ಯಗಳ ಗಡಿಯಾಗಿದೆ. ಸೇತುವೆ ದಾಟಿದರೆ ಪೋರ್ಟ್‌ಲ್ಯಾಂಡ್, ಆರಿಗಾನ್. ಅಲ್ಲಿ ಮಾರಾಟ ತೆರಿಗೆ ಇಲ್ಲ, ಹುಡುಗರೆಲ್ಲ ಕೋಲು, ಬೂಟು ಕೊಳ್ಳುವುದು ಅಲ್ಲೇ ಅಂತೆ. ಪೆಟ್ರೋಲ್ ಹಾಕಲು ನಿಲ್ಲಿಸಿದರು. ಒಬ್ಬ ಮನುಷ್ಯ ಬಂದು ಹಾಕಿದ! ಅಮೆರಿಕದಲ್ಲಿ ಹಾಗೆ ನೋಡಿದ್ದು ಅಲ್ಲೇ. 1951ರಿಂದ 2023ರವರೆಗೆ ಆ ರಾಜ್ಯದ ಬಹುಪಾಲು ಕಡೆ ಗಿರಾಕಿಗಳು ತಾವೇ ಪೆಟ್ರೋಲ್ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ ಇತ್ತಂತೆ. ಅಳಿಯ ಇದನ್ನು ನಗುತ್ತಾ ಹೇಳುತ್ತಿದ್ದಾಗ ನಾನು ಹೇಳಿಬಿಟ್ಟೆ. ಹೆಲ್ಮೆಟ್ ಬಡಿದದ್ದು, ಸ್ಕೋರು ಎರಡು ಸಲ ಕೇಳಿದ್ದು, ಪರದೆ, ಒಗ್ಗರಣೆ, ಎಲ್ಲ.

ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತರು. "ಯಾಕೆ ಅತ್ತೆ, ನಿನ್ನೇನೇ ಹೇಳಬಾರದಿತ್ತಾ?" ಸಿಟ್ಟಿತ್ತು ದನಿಯಲ್ಲಿ. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ. ಸರಿಯಾಗೇ ಇತ್ತು ಆ ಸಿಟ್ಟು.

ಆಮೇಲೆ ಹೇಳಿದರು. ವಾಷಿಂಗ್ಟನ್ ರಾಜ್ಯದ್ದೇ ಒಬ್ಬ ಹುಡುಗ, ಜ್ಯಾಕರಿ ಲೈಸ್ಟೆಡ್, 2006ರಲ್ಲಿ ಹದಿಮೂರು ವರ್ಷ. ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟು ಬಿತ್ತು, ಅದೇ ಪಂದ್ಯದಲ್ಲಿ ಮತ್ತೆ ಆಡಿದ, ಮಿದುಳಿನಲ್ಲಿ ರಕ್ತಸ್ರಾವವಾಗಿ ಕೋಮಾಕ್ಕೆ ಹೋದ. ಬದುಕಿದ, ಆದರೆ ಮಾತು, ನಡಿಗೆ ಎಲ್ಲ ಮತ್ತೆ ಮೊದಲಿನಿಂದ. 2009ರಲ್ಲಿ ಅವನ ಹೆಸರಿನಲ್ಲೇ ಕಾನೂನಾಯಿತು: ತಲೆಗೆ ಪೆಟ್ಟಾದ ಅನುಮಾನ ಬಂದರೂ ಸಾಕು, ಮಕ್ಕಳನ್ನು ಆಟದಿಂದ ತೆಗೆಯಬೇಕು, ವೈದ್ಯರು ಬರೆದು ಕೊಡುವವರೆಗೆ ಸೇರಿಸಕೂಡದು. ದೇಶದಲ್ಲಿ ಮೊದಲು ಇಂಥ ಕಾನೂನು ಬಂದದ್ದು ಇಲ್ಲೇ, ಆಮೇಲೆ ಉಳಿದ ರಾಜ್ಯಗಳೂ ಮಾಡಿದವು. ಹೆಲ್ಮೆಟ್ ಬುರುಡೆ ಒಡೆಯದ ಹಾಗೆ ನೋಡಿಕೊಳ್ಳುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಅದೇ ಅಪಾಯ. ನನ್ನ ಕಬಡ್ಡಿ ಹುಡುಗ ಎರಡು ಸಲ ಬಿದ್ದಿದ್ದ. ಅವತ್ತಿನವರೆಗೂ ನನಗೆ ಅದರ ಅರ್ಥ ಗೊತ್ತಿರಲಿಲ್ಲ.

"ಹಂಗಾದ್ರೆ ಈಗಲೇ ಕೋಚಿಗೆ ಫೋನ್ ಮಾಡಿ" ಎಂದೆ.

"ಅವನಿಗೆ ಇಪ್ಪತ್ತೊಂದು ವರ್ಷ ಅತ್ತೆ. ಮಕ್ಕಳ ಕಾನೂನು ಅವನಿಗೆ ಬರಲ್ಲ. ಅವನೇ ಹೇಳಬೇಕು. ನಾವು ಹಿಂದಿನಿಂದ ಫೋನ್ ಮಾಡಿದ್ರೆ ಜೀವಮಾನ ಮರೆಯಲ್ಲ ಅವನು." ದಾರಿಯಲ್ಲಿ ಅವನಿಗೇ ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ.

ಸೇಲಂ ಊರು ದಾಟುವಾಗ ಕತ್ತಲಾಗಿತ್ತು. ಹೌದು, ಸೇಲಂ, ತಮಿಳುನಾಡಿನದಲ್ಲ, ಆರಿಗಾನ್‌ನ ರಾಜಧಾನಿ. ಹುಡುಗರು ಇಳಿದ ಹೋಟೆಲಿನಲ್ಲೇ ನಮಗೂ ರೂಮು. ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಕಣ್ಣಿಗೆ ಕಾಣುವಷ್ಟು ದೂರ ಹಸಿರು ಹೊಲ. ಗದ್ದೆಯೇನೋ ಎಂದುಕೊಂಡೆ, ಬರೀ ಹುಲ್ಲಂತೆ. ವಿಲಾಮೆಟ್ ಕಣಿವೆಯಲ್ಲಿ ಹುಲ್ಲಿನ ಬೀಜವನ್ನೇ ಬೆಳೆದು ಮಾರುತ್ತಾರೆ.

ತಿಂಡಿಯ ಹಾಲ್‌ನಲ್ಲಿ ಮೊಮ್ಮಗನನ್ನು ಮೂಲೆಗೆ ಕರೆದೆ. "ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಅಜ್ಜಿ, ಈಗ ಸರಿಹೋಗಿದೆ. ನಿಜ."

"ಹಂಗಾದ್ರೆ ದೀಪದ ಕಡೆ ನೋಡು."

ನೋಡಲಿಲ್ಲ. ಹೇಳಲೂ ಇಲ್ಲ, ತಟ್ಟೆ ಬಿಟ್ಟು ಎದ್ದು ಹೋದ. ಅಳಿಯ ಕಾಫಿ ಯಂತ್ರದ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಕೋಚ್ ಕೂತಿದ್ದ ಮೇಜಿಗೆ ಹೋದೆ. ಮೂವತ್ತು ದಾಟಿರದ ಹುಡುಗ ಆತ, ಹಗಲು ಹೊತ್ತು ಹೈಸ್ಕೂಲಿನಲ್ಲಿ ಮೇಷ್ಟ್ರು. ನನ್ನ ಇಂಗ್ಲಿಷ್ ಪಾಠದ ಇಂಗ್ಲಿಷು, ಮಾತಿನ ಇಂಗ್ಲಿಷಲ್ಲ. ನಾನೂ ಮೇಷ್ಟ್ರೇ ಎಂದು ಶುರು ಮಾಡಿ ಕಂಡದ್ದಷ್ಟನ್ನು ಹೇಳಿದೆ. ಆತ ಅರ್ಧಕ್ಕೇ ಚಮಚ ಕೆಳಗಿಟ್ಟರು. ಮೈದಾನದಲ್ಲಿ ಅಥ್ಲೆಟಿಕ್ ಟ್ರೈನರ್ ಒಬ್ಬರು ಇದ್ದರು, ಹೆಂಗಸು. ಕೆಲವು ಪದ ಹೇಳಿ ನೆನಪಿಟ್ಟುಕೋ ಎಂದರು, ಒಂಟಿ ಕಾಲಿನಲ್ಲಿ ನಿಲ್ಲಿಸಿದರು, ತಿಂಗಳುಗಳನ್ನು ಡಿಸೆಂಬರ್‌ನಿಂದ ಹಿಂದಕ್ಕೆ ಹೇಳು ಎಂದರು. ಸೆಪ್ಟೆಂಬರ್ ಆದ ಮೇಲೆ ಅವನಿಗೆ ಜುಲೈ ಬಂತು. ಅಲ್ಲಿಗೆ ಮುಗಿಯಿತು. ಕೋಲನ್ನು ಬೆಂಚಿಗೆ ಒರಗಿಸಿ, ಟೋಪಿ ಮುಖದ ಮೇಲೆ ಎಳೆದುಕೊಂಡು ಕೂತ. ನನ್ನ ಕಡೆ ತಿರುಗಲಿಲ್ಲ.

ಶನಿವಾರ 5–13. ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಅವತ್ತು ಸಂಜೆ ನಮ್ಮೂರಲ್ಲಿ ಆಗಲೇ ಭಾನುವಾರ ಬೆಳಗಾಗಿತ್ತು, ಯುಗಾದಿ. ತಮ್ಮನ ಮನೆಯಿಂದ ವಿಡಿಯೊ ಕಾಲ್ ಬಂತು, ಎಲ್ಲರೂ ಎಣ್ಣೆ ಹಚ್ಚಿಕೊಂಡು ಮಿಂಚುತ್ತಿದ್ದರು. ಒಣಗಿದ ಬೇವಿನ ಹೂವನ್ನು ಊರಿಂದ ಪೊಟ್ಟಣ ಕಟ್ಟಿ ತಂದಿದ್ದೆ. ಭಾನುವಾರ ಬೆಳಿಗ್ಗೆ ಹೋಟೆಲಿನ ಕಾಗದದ ಬಟ್ಟಲಿನಲ್ಲೇ ಬೆಲ್ಲದ ಜೊತೆ ಕಲಸಿ ಹುಡುಗರಿಗೆಲ್ಲ ಅಂಗೈಗೆ ಹಾಕಿದೆ. 'ಖಾರದ ಡೋನಟ್' ಹುಡುಗ ಬಾಯಿಗೆ ಹಾಕಿಕೊಂಡು ಸಿಂಕಿನ ಕಡೆ ಓಡಿದ. ಮೊಮ್ಮಗ ಕೈ ಚಾಚಿದ, ತಿಂದ, ಮಾತಾಡಲಿಲ್ಲ.

ಕೊನೆಯ ಪಂದ್ಯ ಮಾತ್ರ ಹೇಳಲೇಬೇಕು. ಇವನ ಜಾಗದಲ್ಲಿ ಮೊದಲ ವರ್ಷದ ಹುಡುಗನೊಬ್ಬ ನಿಂತ. ಮಳೆ ಮತ್ತೆ ಶುರುವಾಗಿತ್ತು. ಏಳು ಏಳು, ಎಂಟು ಎಂಟು, ಸಮಯ ಮುಗಿದಾಗ ಒಂಬತ್ತು ಒಂಬತ್ತು. ಆಮೇಲೆ ಹೆಚ್ಚುವರಿ ಸಮಯ, ಮೊದಲು ಗೋಲು ಹೊಡೆದವರು ಗೆದ್ದ ಹಾಗೆ. ಅಳಿಯ ನನ್ನ ಶಾಲಿನ ತುದಿಯನ್ನು ಹಿಡಿದುಕೊಂಡಿದ್ದರು, ಅವರಿಗೇ ಗೊತ್ತಿರಲಿಲ್ಲ. ನಮ್ಮವರ ಒಂದು ಹೊಡೆತ ಗೋಲಿನ ಕಂಬಕ್ಕೆ ಬಡಿದು ಹಿಂದಕ್ಕೆ ಬಂತು. ಅತ್ತಲಿಂದ ಅವರು ಓಡಿ ಬಂದರು. ಆ ಮೊದಲ ವರ್ಷದ ಹುಡುಗನ ಎಡಗಡೆಯಿಂದಲೇ ನುಗ್ಗಿ ಹೊಡೆದರು. ಗೋಲು. ಟೂರ್ನಿಯ ಆಸೆ ಅಲ್ಲಿಗೆ ಹೋಯಿತು.

ಆ ಹುಡುಗ ಹೆಲ್ಮೆಟ್ ತೆಗೆಯದೆ ಮಂಡಿಯೂರಿ ಕೂತುಬಿಟ್ಟ. ಮೊಮ್ಮಗ ಕಪ್ಪು ಕನ್ನಡಕ ಹಾಕಿಕೊಂಡೇ ಮೈದಾನಕ್ಕೆ ನಡೆದು, ಅವನ ಪಕ್ಕ ಒದ್ದೆ ನೆಲದ ಮೇಲೆ ಕೂತ. ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಬಹಳ ಹೊತ್ತು ಕೂತಿದ್ದರು. ಉಳಿದವರು ಆಗಲೇ ಗೋಲಿನ ಬಲೆ ಬಿಚ್ಚಿ, ಕೋಲು ಕಟ್ಟಿ ವ್ಯಾನಿಗೆ ಹಾಕುತ್ತಿದ್ದರು.

ವ್ಯಾನಿನ ಗಲಾಟೆ ಬೇಡ, ಕಾರಿನಲ್ಲಿ ಕರೆದುಕೊಂಡು ಹೋಗಿ ಎಂದು ಟ್ರೈನರ್ ಹೇಳಿದ್ದರು. ಸೋಮವಾರ ಡಾಕ್ಟರನ್ನು ನೋಡಬೇಕು, ತಲೆನೋವು ಪೂರ್ತಿ ಹೋಗಬೇಕು, ಆಮೇಲೂ ಒಂದೊಂದೇ ಹಂತ: ಮೊದಲು ನಡಿಗೆ, ಆಮೇಲೆ ಓಟ, ಆಮೇಲೆ ಚೆಂಡು, ಒಂದೊಂದಕ್ಕೂ ಕನಿಷ್ಠ ಒಂದು ದಿನ. ಏಪ್ರಿಲ್‌ನಲ್ಲಿ ಅವರ ಊರಲ್ಲೇ ಇನ್ನೊಂದು ಪಂದ್ಯ ಬಾಕಿ ಇತ್ತು. ಅದಕ್ಕಾದರೂ ಬಿಡುತ್ತಾರೋ ಇಲ್ಲವೋ ಆಗ ಯಾರಿಗೂ ಗೊತ್ತಿರಲಿಲ್ಲ.

ಹಿಂದಿನ ಸೀಟಿನಲ್ಲಿ ಅವನು, ಪಕ್ಕದಲ್ಲಿ ಆರಡಿಯ ಕೋಲು, ಅದರ ಜಾಳಿಗೆ ನನ್ನ ಭುಜದವರೆಗೂ ಬಂದಿತ್ತು. ಸೇಲಂ ದಾಟಿತು, ಪೋರ್ಟ್‌ಲ್ಯಾಂಡ್ ಬಂತು, ಒಂದು ಮಾತಿಲ್ಲ. ಸೇತುವೆ ಹತ್ತುವಾಗ ಹಿಂದಿನಿಂದ ದನಿ ಬಂತು.

"ಅಜ್ಜಿ, ಅಪ್ಪ ಹೇಳಿದ್ರು. ಕಬಡ್ಡಿ ಹುಡುಗನ ವಿಷಯ."

"ಹ್ಞೂಂ."

"ಈಗ ಏನ್ ಮಾಡ್ತಾನೆ ಅವನು?"

"ಹೂವಿನ ವ್ಯಾಪಾರ. ಬಸ್ ಸ್ಟ್ಯಾಂಡ್ ಹತ್ರ ಕೂರ್ತಾನೆ. ಮದುವೆ ಆಗಿದೆ, ಎರಡು ಮಕ್ಕಳು. ಚಿಲ್ಲರೆ ಲೆಕ್ಕ ಹೆಂಡತಿ ನೋಡ್ಕೋತಾಳೆ."

"ನೀನು ಹೋಗ್ತೀಯಾ?"

"ವಾರಕ್ಕೊಂದ್ಸಲ. ನನ್ನ ಹತ್ರ ದುಡ್ಡು ತಗೊಳಲ್ಲ ಅಂತಾನೆ. ಅವನ ಹೆಂಡತಿ ಕೈಗೆ ಕೊಟ್ಟು ಬರ್ತೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಕೆಳಗೆ ಕೊಲಂಬಿಯಾ, ಮಳೆಯಲ್ಲಿ ಬೂದು ಬಣ್ಣ.

"ಅವನ ಹೆಸರೂ ಬರೀಬೇಡ" ಎಂದ. ಆಮೇಲೆ ಕೋಲನ್ನು ಆ ಕಡೆ ಸರಿಸಿ, ಮುಂದಿನ ಸೀಟಿನ ಸಂದಿಯಿಂದ ಕೈ ಚಾಚಿ, "ಕೋಡುಬಳೆ ಉಳಿದಿದೆಯಾ?" ಎಂದು ಕೇಳಿದ.

ನಾಲ್ಕು ಉಳಿದಿತ್ತು, ಎಲ್ಲ ಪುಡಿ.